ಒಂದು ತಾಸಿನ ಕೊಳವೆ

ಮುಹರ್ರಕ್‌ನ ಈ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ
ಬೇರೆಯವರ ನೆತ್ತರು ಎಳೆದಿದ್ದೇನೆ.
ಮೀನುಗಾರರದು, ಕ್ರೇನು ನಡೆಸುವವರದು,
ವೀಸಾ ತಪಾಸಣೆಗೆ ಸಾಲು ನಿಂತು
ಸೂಜಿ ಕಂಡೊಡನೆ ಮುಖ ತಿರುಗಿಸುವ ಗಟ್ಟಿಗರದು.
ಇವತ್ತಿನ ರಾತ್ರಿ ಪಾಳಿಯಲ್ಲಿ
ಎಡತೋಳಿಗೆ ಪಟ್ಟಿ ಬಿಗಿದು, ತುದಿಯನ್ನು ಹಲ್ಲಲ್ಲಿ ಕಚ್ಚಿ,
ನನ್ನದನ್ನೇ ಎಳೆದುಕೊಂಡೆ.
(ಹೀಗೆ ಮಾಡಬಾರದು. ಮರಿಸೆಲ್ ಚಹಾ ತರಲು ಹೋಗಿದ್ದಳು.)

ಯಂತ್ರ ಕೆಟ್ಟು ವಾರವಾಯಿತು.
ಇಎಸ್‌ಆರ್‌ಗೆ ಮತ್ತೆ ಹಳೆಯ ಗಾಜಿನ ಕೊಳವೆ,
ನೆಟ್ಟಗೆ ನಿಲ್ಲಿಸಿ ಒಂದು ತಾಸು ಕಾಯಬೇಕು.
ಕೆಂಪು ಕೆಳಗಿಳಿಯುತ್ತದೆ,
ಮೇಲೆ ಹಳದಿ ನೀರು ತಿಳಿಯಾಗುತ್ತದೆ.
ಬೇಗ ಇಳಿದಷ್ಟೂ ಒಳಗೆ ಉರಿ ಹೆಚ್ಚು.
ಎಲ್ಲಿ ಎಂದು ಅದು ಹೇಳುವುದಿಲ್ಲ.

ಮೊದಲು ಬಂದದ್ದು ಕೊರಳಿಗೆ.
ಕಾಲರು ಬಿಗಿಯಾಯಿತೆಂದು ದರ್ಜಿಯನ್ನು ಬೈದಿದ್ದೆ, ಪಾಪ.
ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ಏಸಿಯಲ್ಲಿ ನಾನೊಬ್ಬಳೇ ಸ್ವೆಟರ್ ಹಾಕಿದವಳು.
ಬಾಚಣಿಗೆ ತುಂಬ ಕೂದಲು.
ಒಂದು ಸಂಜೆ ಫೋನಿನಲ್ಲಿ
ಸ್ವಂತ ತಮ್ಮನ ಹೆಸರು ನಾಲಗೆ ತುದಿಯಲ್ಲೇ ನಿಂತುಬಿಟ್ಟಿತು.
ಆಮೇಲೆ ಬಂತು ಚಿಕ್ಕ ಬಿಳಿ ಮಾತ್ರೆ,
ನಸುಕಿನಲ್ಲಿ, ಬರಿಹೊಟ್ಟೆಗೆ.
ಮಸೀದಿಯ ಮೊದಲ ಬಾಂಗೇ ನನ್ನ ಅಲಾರಮ್ಮು.
ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಈಗ ಕಾಲು.
ಮೊಣಕಾಲಿನ ಕೆಳಗೆಲ್ಲ ಚುಕ್ಕಿ,
ನೇರಳೆ ಹಣ್ಣು ತುಳಿದು ಬಂದವಳ ಹಾಗೆ.
ಬೆರಳಾಡಿಸಿದರೆ ಕೈಗೆ ಸಿಗುತ್ತವೆ.
ಗಾಜಿನ ಸ್ಲೈಡು ಒತ್ತಿ ನೋಡಿದೆ, ಮಾಸಲಿಲ್ಲ.

ಡಾಕ್ಟರ್ ಹಾಲಾ ಅಲೆಕ್ಸಾಂಡ್ರಿಯಾದವರು,
ಪೆನ್ನಿನ ತುದಿಯಿಂದ ಎಣಿಸುತ್ತ ಹೋಗಿ ಹದಿನೇಳಕ್ಕೆ ಬಿಟ್ಟರು.
"ರಕ್ತನಾಳದ ಗೋಡೆಗಳು ಉರಿಯುತ್ತಿವೆ, ವಿನ್ನಿ.
ಥೈರಾಯ್ಡಿನ ಮೇಲೆ ಬಿದ್ದವರೇ ಇಲ್ಲಿಗೂ ಬಂದರೋ,
ಇವರು ಬೇರೆ ಗುಂಪೋ, ಹೇಳಲಾರೆ.
ಒಂದೇ ದೇಹದಲ್ಲಿ ಒಮ್ಮೊಮ್ಮೆ ಇಬ್ಬರೂ ಸಿಗುತ್ತಾರೆ.
ಯಾರು ಯಾರನ್ನು ಕರೆದರು ಅನ್ನುವುದಕ್ಕೆ ಪುರಾವೆ ಸಾಲದು."
ಆ 'ಸಾಲದು' ನನಗೆ ಹಿಡಿಸಿತು.
ಬಿಳಿ ಕೋಟಿನವರ ಬಾಯಲ್ಲಿ
ಅಂಥ ಮಾತು ಕೇಳಿ ಅಭ್ಯಾಸವಿಲ್ಲ.

ಬೆಳ್ಮಣ್ಣಿನಿಂದ ದೊಡ್ಡಮ್ಮ ಕೇಳಿದರು,
"ಅಂದರೆ, ಬೇಲಿಯೇ ಎದ್ದು ಹೊಲ ಮೇಯಿತಾ ಮಗಾ?"
ಅದೇ ದೊಡ್ಡಮ್ಮ, ಅದೇ.
ಇಷ್ಟು ಹೇಳಲು ನನ್ನ ಪಠ್ಯಪುಸ್ತಕಕ್ಕೆ ಹದಿನಾಲ್ಕು ಪುಟ ಬೇಕಾಗಿತ್ತು.
ಫೋನಿಟ್ಟ ಮೇಲೆ ಅನ್ನಿಸಿತು,
ಬೇಲಿಗೆ ಹಸಿವೇನೂ ಇರಲಿಲ್ಲ.
ಪೈರಿನ ಗುರುತು ಸಿಗಲಿಲ್ಲ, ಅಷ್ಟೆ.

ಕ್ಲಿನಿಕ್ಕಿನ ಹಿಂದೆ ಮುತ್ತಿನ ವ್ಯಾಪಾರಿಗಳ ಹಳೆಯ ಓಣಿ,
ಹವಳಗಲ್ಲಿನ ಗೋಡೆ, ಉಪ್ಪು ಹಿಡಿದ ಬಾಗಿಲು.
ಕಾವಲಿನ ಮುದುಕ ಬೂ ಜಾಸಿಮ್
ಅಜ್ಜ ಮುಳುಗುತ್ತಿದ್ದ ಕತೆ ಹೇಳುತ್ತಾನೆ,
ಮೂಗಿಗೆ ಚಿಮುಟ, ಕಾಲಿಗೆ ಕಲ್ಲು, ಎದೆಯಲ್ಲಿ ಒಂದೇ ಉಸಿರು.
ಹೊರಗಿನದೇನೋ ಒಳಹೊಕ್ಕರೆ
ಚಿಪ್ಪು ಅದನ್ನು ಸುತ್ತಿ ಸುತ್ತಿ ನುಣುಪು ಮಾಡುತ್ತದಂತೆ.
ನನ್ನ ಚಿಪ್ಪಿಗೆ ಏನೂ ಹೊಕ್ಕಿರಲಿಲ್ಲ, ಬೂ ಜಾಸಿಮ್.
ತನ್ನ ಮಾಂಸವನ್ನೇ ಮರಳೆಂದು ಬಗೆಯಿತು.

ತಾಸಾಯಿತು. ಅರವತ್ತೆಂಟು.
ಇಪ್ಪತ್ತು ದಾಟಬಾರದಿತ್ತು.
ನಾಳೆ ಚರ್ಮದ ಚೂರು ತೆಗೆಯುತ್ತಾರೆ,
ಉರಿ ಮೂತ್ರಪಿಂಡಕ್ಕೆ ಇಳಿದಿದೆಯೋ ಎಂದು
ಮೂತ್ರ ನೋಡುತ್ತಾರೆ.
ಬಹುಶಃ ನಾನೇ ನೋಡಬೇಕಾದೀತು,
ಶುಕ್ರವಾರ ಪಾಳಿಗೆ ಬೇರೆ ಯಾರಿಲ್ಲ.

ಮರಿಸೆಲ್ ಎರಡು ಲೋಟ ಹಿಡಿದು ಬಂದಳು,
ಸ್ಟ್ಯಾಂಡಿನ ಕೊಳವೆ ಕಂಡು "ಯಾರದಿದು?" ಅಂದಳು.
ರಿಜಿಸ್ಟರು ತೆರೆದು ಹೆಸರು ಬರೆದೆ,
ಪಕ್ಕದ ಖಾನೆಯಲ್ಲಿ ಗುರುತಿನ ಸಂಖ್ಯೆ.
ಅದು ನೆನಪಾಗಲಿಲ್ಲ.
ಪರ್ಸಿನಿಂದ ಕಾರ್ಡು ತೆಗೆದು
ಹನ್ನೊಂದು ವರ್ಷ ಹಳೆಯ ನನ್ನ ಮುಖವನ್ನು ಬೆಳಕಿಗೆ ಹಿಡಿದು
ಒಂದೊಂದೇ ಅಂಕಿ
ನೋಡಿ ಬರೆದೆ.